ಮಾವನ ಮಾತಿನ ಹರಾಜು

ನನ್ನ ಗಂಡನ ಮನೆಯಲ್ಲಿ ಯಾರಾದರೂ ಬಾಯಿ ಮುಚ್ಚಿಕೊಂಡು ಕೂತರೆ ಥರ್ಮಾಮೀಟರ್ ಹುಡುಕುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಊಟದ ಹೊತ್ತಿನಲ್ಲಿ ಸುಮ್ಮನಿರುವುದನ್ನು ನೋಡಿ ಒಬ್ಬರು ಹೊಟ್ಟೆನೋವು ಎಂದರು, ಒಬ್ಬರು ತವರಿನ ನೆನಪು ಎಂದರು, ಇನ್ನೊಬ್ಬರು ಹುಡುಗಿಗೆ ಸೊಕ್ಕು ಎಂದರು. ನನಗೆ ಆಗಿದ್ದೇನೂ ಇಲ್ಲ. ಮಧ್ಯೆ ನುಸುಳಲು ಜಾಗ ಸಿಕ್ಕಿರಲಿಲ್ಲ, ಅಷ್ಟೆ.

ಬಾಯಿಯೇ ಈ ಮನೆಯ ಆಸ್ತಿ. ನನ್ನ ಭಾವ ರೇಡಿಯೋದಲ್ಲಿ ಫುಟ್‌ಬಾಲ್ ಪಂದ್ಯಗಳ ವೀಕ್ಷಕ ವಿವರಣೆ ಕೊಡುತ್ತಾರೆ. ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಗೋಲಾಯಿತು ಎಂದು ಕೂಗಿ, ಆಮೇಲೆ ಆಗದೇ ಹೋಗಿ, ಕೇಳುಗರ ಕೈಲಿ ಉಗಿಸಿಕೊಂಡದ್ದೂ ಇದೆ. ನಾದಿನಿ ವಕೀಲೆ. ಎದುರು ಪಕ್ಷದ ಸಾಕ್ಷಿ ಹೇಳಬೇಕಾದದ್ದನ್ನೂ ತಾನೇ ಹೇಳಿ ಮುಗಿಸುವವಳು. ಮನೆಯಲ್ಲಿ ಅವಳಿಗೆ ವಕೀಲಮ್ಮ ಎಂದೇ ಹೆಸರು. ನನ್ನ ಗಂಡ ಮನೆಮನೆಗೆ ಹೋಗಿ ನೀರು ಶುದ್ಧ ಮಾಡುವ ಯಂತ್ರ ಮಾರುತ್ತಾನೆ. ಬಾಗಿಲು ತೆರೆದವರು ಬೇಡ ಅನ್ನುವಷ್ಟರಲ್ಲಿ ಯಂತ್ರ ಅವರ ಅಡುಗೆಮನೆಯ ಗೋಡೆಯಲ್ಲಿ ಜೋತಾಡುತ್ತಿರುತ್ತದೆ.

ಮೂವರಿಗೂ ಈ ನಾಲಿಗೆ ಇಳಿದು ಬಂದದ್ದು ಅವರ ಅಪ್ಪನಿಂದ, ಅಂದರೆ ನನ್ನ ಮಾವನಿಂದ. ಮಾವ ತರಕಾರಿ ಮಂಡಿಯಲ್ಲಿ ಹರಾಜು ಕೂಗುತ್ತಿದ್ದವರು. ಬೆಳಗಿನ ಜಾವ ಬೋರಲು ಹಾಕಿದ ಮರದ ಪೆಟ್ಟಿಗೆಯ ಮೇಲೆ ಹತ್ತಿ ನಿಂತರೆಂದರೆ ಬಿಸಿಲೇರುವ ತನಕ ಇಳಿಯುತ್ತಿರಲಿಲ್ಲವಂತೆ. ಟೊಮೇಟೊ, ಎಲೆಕೋಸು, ಆಲೂಗಡ್ಡೆ, ಯಾವುದೇ ಬರಲಿ, ಅವರ ಬಾಯಿಗೆ ಸಿಕ್ಕಿ ಚಿನ್ನವಾಗಿ ಹೊರಗೆ ಹೋಗುತ್ತಿತ್ತು. ಸುತ್ತ ನಿಂತವರ ಕೂಗು ಏರುತ್ತಾ ಏರುತ್ತಾ ಒಂದು ಕಡೆ ನಿಲ್ಲುತ್ತದಲ್ಲ, ಆಗ ಕೊನೆಗೆ ಕೂಗಿದವರ ಕಡೆ ಗೋಣು ಹಾಕಿ, ಬೆರಳ ಗೆಣ್ಣಿನಿಂದ ಪಕ್ಕದಲ್ಲಿ ಪೇರಿಸಿದ ಪೆಟ್ಟಿಗೆಗೆ ಟಕ್ಕೆಂದು ಕುಟ್ಟುತ್ತಿದ್ದರು. ಕುಟ್ಟಿದ ಮೇಲೆ ಮಾಲು ಕೊನೆಗೆ ಕೂಗಿದವರದು, ಮತ್ತೆ ಮಾತಿಲ್ಲ. ಜೀವಮಾನವೆಲ್ಲ ಅವರು ಮಾಡಿದ ಕೆಲಸ ಅದೇ.

ಇನ್ನು ನಾನು. ನಾನು ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತೇನೆ. ಕಲಿಯುವವರು ಸ್ಟೀರಿಂಗ್ ಹಿಡಿದು ಕೂತರೆ ನಾನು ಪಕ್ಕದ ಸೀಟಿನಲ್ಲಿ, ನನ್ನ ಕಾಲಡಿ ಇನ್ನೊಂದು ಬ್ರೇಕು. ಅವರು ಗೇರು ಹುಡುಕುತ್ತಾ ಸಿಗ್ನಲ್ಲಿನಲ್ಲಿ ಇಂಜಿನ್ ಆರಿಸಿ, ಹಿಂದಿನವರೆಲ್ಲ ಹಾರನ್ನು ಬಾರಿಸಿ, ನಮ್ಮ ವಂಶವನ್ನೆಲ್ಲ ನೆನೆಸಿಕೊಂಡರೂ ನಾನು ಸ್ಟೀರಿಂಗಿಗೆ ಕೈ ಹಾಕುವ ಹಾಗಿಲ್ಲ. ಕೈ ಹಾಕಿದರೆ ಅವರು ಜನ್ಮದಲ್ಲಿ ಕಲಿಯುವುದಿಲ್ಲ. ಇದನ್ನು ತಾಳ್ಮೆ ಅಂತ ಯಾರಾದರೂ ಹೊಗಳಿದರೆ ನಗು ಬರುತ್ತದೆ. ತಾಳ್ಮೆ ನನ್ನ ಸ್ವಭಾವದಲ್ಲಿ ಇಲ್ಲ, ಸಂಬಳದಲ್ಲಿ ಇದೆ. ಮನೆಗೆ ಬಂದ ಮೇಲೆ ಹಾಲು ಉಕ್ಕುವುದಕ್ಕೂ ಕಾಯುವವಳಲ್ಲ ನಾನು.

ಹೋದ ವರ್ಷ ಮಾವನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಸೋತವು. ನಾಲಿಗೆ ಮಾತ್ರ ಉಳಿದುಕೊಂಡಿತು, ಆದರೆ ಹಳೆಯ ನಾಲಿಗೆಯಲ್ಲ. ಒಂದು ಪದ ಹೇಳಿದರೆ ಮುಂದಿನದನ್ನು ಎಲ್ಲಿಂದಲೋ ಹೊತ್ತು ತರಬೇಕು. ಬುದ್ಧಿಗೆ ಏನೂ ಆಗಿಲ್ಲ, ಎಲ್ಲ ತಿಳಿಯುತ್ತದೆ, ಮಾತು ಮಾತ್ರ ನಿಧಾನ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ಅವರು ಮಾತಾಡುವಾಗ ಮನೆಯವರೆಲ್ಲ ಏನು ಮಾಡಬೇಕೆಂದರೆ, ಎಂದು ಡಾಕ್ಟರಮ್ಮ ಮುಂದುವರಿಸುವಷ್ಟರಲ್ಲಿ ನಮ್ಮ ವಕೀಲಮ್ಮ, ಸಹಾಯ ಮಾಡಬೇಕು ಅಲ್ವಾ, ಖಂಡಿತ ಮಾಡ್ತೀವಿ ಎಂದು ಮುಗಿಸಿ ಎದ್ದು ನಿಂತಳು. ಡಾಕ್ಟರಮ್ಮ ತೆರೆದ ಬಾಯಿ ಮುಚ್ಚಿಕೊಂಡು ಮುಂದಿನ ರೋಗಿಯನ್ನು ಕರೆದರು.

ಸಹಾಯ ಶುರುವಾಯಿತು. ಮಾವ "ನನಗೆ" ಎನ್ನುವರು. ಮುಂದಿನ ಪದ ಬರುವುದರೊಳಗೆ ಭಾವ ಚಳಿ ಎನ್ನುವರು, ನನ್ನ ಗಂಡ ಬೆನ್ನುನೋವು ಎನ್ನುವನು, ವಕೀಲಮ್ಮ ಸೊಂಟದಿಂದ ಪಾದದ ತನಕ ನೋವು, ಇದಕ್ಕೊಂದು ಮಸಾಜು ಯಂತ್ರವೇ ಬೇಕು ಎನ್ನುವಳು. ಅದಕ್ಕಿಂತ ಮೇಲಿನ ಕೂಗು ಇರುತ್ತಿರಲಿಲ್ಲ. ಮಾವ ಮೂವರ ಮುಖವನ್ನೂ ಒಂದು ಸುತ್ತು ನೋಡಿ, ವಕೀಲಮ್ಮನ ಕಡೆ ಗೋಣು ಹಾಕಿ, ಎಡಗೈಯ ಗೆಣ್ಣಿನಿಂದ ಊಟದ ಮೇಜನ್ನು ಟಕ್ಕೆಂದು ಕುಟ್ಟುವರು. ನೋಡಿದ್ರಾ, ಅಪ್ಪನ ಮನಸ್ಸಲ್ಲಿ ಇದ್ದಿದ್ದು ಅದೇ ಎಂದು ಅವಳು ಬೀಗುವಳು. ಸಂಜೆಯೊಳಗೆ ಯಂತ್ರ ಮನೆಗೆ ಬಂದಿರುತ್ತಿತ್ತು.

ಹೀಗೆ ಮಾವನಿಗೆ ಬಂದ ವಸ್ತುಗಳಿಗೆ ಲೆಕ್ಕವಿಲ್ಲ. ಕಣ್ಣು ಕುಕ್ಕುವ ಹಸಿರು ಸ್ವೆಟರ್ ಬಂತು. ಮೀನಿನ ತೊಟ್ಟಿ ಬಂತು. ಅದರಲ್ಲಿದ್ದ ಮೀನುಗಳು ಇಡೀ ದಿನ ಬಾಯಿ ತೆರೆದು ಮುಚ್ಚಿ ಮಾಡುವುದನ್ನು ಮಾವ ಅನುಮಾನದಿಂದ ನೋಡುತ್ತಾ ಕೂರುತ್ತಿದ್ದರು. ಒಂದು ಭಾನುವಾರ ಅವರ ತಲೆಗೂದಲಿಗೆ ಕಪ್ಪು ಬಣ್ಣವೂ ಆಯಿತು. ಕನ್ನಡಿ ನೋಡಿಕೊಂಡು ಅವರು ಹೇಳಲು ಹೊರಟಿದ್ದು ಖಂಡಿತ ಒಂದು ಬೈಗುಳ, ಏಕೆಂದರೆ ಮುಖ ಕೆಂಪಾಗಿತ್ತು. ಖುಷಿಗೆ ಅಪ್ಪನ ಮುಖದ ಮೇಲೆ ಕಳೆ ಬಂದಿದೆ ಎಂದು ಭಾವ ಅದಕ್ಕೂ ವಿವರಣೆ ಕೊಟ್ಟರು.

ಅವರನ್ನು ಕೆಟ್ಟವರು ಅನ್ನಬೇಡಿ. ಇಂಥ ಪಿತೃಭಕ್ತಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಪ್ಪನಿಗೆ ಏನೂ ಕಡಿಮೆಯಾಗಬಾರದು ಎಂದು ಮೂವರೂ ಪೈಪೋಟಿಗೆ ಬಿದ್ದಿದ್ದರು. ತುತ್ತನ್ನು ಚಿಕ್ಕದು ಮಾಡಿ ಕೊಡುತ್ತಿದ್ದರು, ಶಾಲು ಹೊದಿಸುತ್ತಿದ್ದರು, ಕಾಲು ಒತ್ತುತ್ತಿದ್ದರು. ಒಂದು ವಾಕ್ಯ ಮುಗಿಸುವಷ್ಟು ಹೊತ್ತು ಮಾತ್ರ ಅವರಿಂದ ಕೊಡಲಾಗುತ್ತಿರಲಿಲ್ಲ. ನಾನಂತೂ ಆ ಗದ್ದಲಕ್ಕೆ ಬಾಯಿ ಹಾಕುತ್ತಿರಲಿಲ್ಲ. ಮಾವ "ನನಗೆ" ಅಂದ ಕೂಡಲೇ ಎದ್ದು ಅಡುಗೆಮನೆಗೆ ಹೋಗುತ್ತಿದ್ದೆ.

ಆಮೇಲೆ ಒಂದು ದಿನ ಮಾವ ಬಚ್ಚಲಿನಲ್ಲಿ ಜಾರಿ ಬಿದ್ದರು. ಮೂಳೆ ಮುರಿಯಲಿಲ್ಲ, ಆದರೆ ಹಗಲೆಲ್ಲ ಮನೆಯಲ್ಲಿ ಯಾರೂ ಇರುವುದಿಲ್ಲ ಎಂಬ ಮಾತು ಎದ್ದಿತು. ವಕೀಲಮ್ಮ ಊರ ಹೊರಗಿನ ಒಂದು ವೃದ್ಧಾಶ್ರಮ ಹುಡುಕಿ ತೆಗೆದಳು. ವೃದ್ಧಾಶ್ರಮ ಅನ್ನಬಾರದು, ಹಿರಿಯರ ನಿವಾಸ ಅನ್ನಬೇಕು ಎಂದು ನಮಗೆಲ್ಲ ತಾಕೀತು ಮಾಡಿದಳು. ಮಾವನನ್ನೂ ಕರೆದುಕೊಂಡು ಹೋಗಿ ತೋರಿಸಿ ಬಂದಳು. ಮುಂದಿನ ಭಾನುವಾರ ಎಲ್ಲರೂ ಊಟದ ಮೇಜಿನ ಸುತ್ತ ಸೇರಿದರು.

"ಅಪ್ಪಾ, ಅಲ್ಲಿ ಹೋಗಿ ಇರೋದಕ್ಕೆ ನಿಂಗೆ ಒಪ್ಪಿಗೆನಾ? ಬಾಯಿಬಿಟ್ಟು ಹೇಳು, ನಿನ್ನ ಮಾತೇ ಕೊನೆ" ಎಂದಳು ವಕೀಲಮ್ಮ.

ಮಾವ "ನನಗೆ" ಎಂದರು. ಅಲ್ಲಿಂದ ಹರಾಜು ಹತ್ತಿಕೊಂಡಿತು. ನಮಗೆ ಭಾರವಾಗೋದು ಅಪ್ಪನಿಗೆ ಇಷ್ಟ ಇಲ್ಲ ಎಂದರು ಭಾವ. ಓರಗೆಯವರ ಜೊತೆ ಬೇಕು, ಅಷ್ಟೇ ತಾನೆ ಎಂದ ನನ್ನ ಗಂಡ. ಅಲ್ಲಿ ಡಾಕ್ಟರೂ ಇದ್ದಾರೆ, ತೋಟವೂ ಇದೆ, ಹಿಡಿದುಕೊಳ್ಳೋಕೆ ಗೋಡೆಗೆಲ್ಲ ಕಂಬಿ ಹಾಕಿದ್ದಾರೆ, ನೋಡಿ ಬಂದಾಗಿನಿಂದ ಅಪ್ಪನಿಗೆ ಅದರದ್ದೇ ಧ್ಯಾನ ಎಂದಳು ವಕೀಲಮ್ಮ. ಅದರ ಮೇಲೆ ಕೂಗುವವರು ಇರಲಿಲ್ಲ. ಮಾವ ಅವಳ ಕಡೆ ಗೋಣು ಹಾಕಿದರು, ಟಕ್. ಸುಳ್ಳೇಕೆ ಹೇಳಲಿ, ಆ ರೂಮು ಖಾಲಿಯಾದರೆ ಬಟ್ಟೆ ಒಣಹಾಕುವ ಸ್ಟ್ಯಾಂಡಿಗೆ ಜಾಗವಾಗುತ್ತದೆ ಎಂದು ನನಗೂ ಒಂದು ಗಳಿಗೆ ಅನ್ನಿಸಿತು.

ಹೊರಡುವ ದಿನ ಯಾರ ಕಾರಿನಲ್ಲಿ ಎಂಬುದರ ಮೇಲೂ ಒಂದು ಸುತ್ತು ಜಗಳವಾಗಿ, ಕೊನೆಗೆ ನಮ್ಮ ಡ್ರೈವಿಂಗ್ ಸ್ಕೂಲಿನ ಕಾರೇ ಗೆದ್ದಿತು. ಅದರ ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಸರಿಯುತ್ತದೆ, ಮಾವನ ಬಗ್ಗದ ಕಾಲು ಚಾಚಲು ಅನುಕೂಲ. ನಾನು ಮತ್ತು ಮಾವ ಮೊದಲು ಹೊರಡುವುದು, ಮಕ್ಕಳು ಮೂವರೂ ಮಂಚ, ಕುರ್ಚಿ, ಮೀನಿನ ತೊಟ್ಟಿ ಎಲ್ಲ ಹೇರಿಕೊಂಡು ಹಿಂದೆ ಬರುವುದು ಎಂದಾಯಿತು. ನಾನು ಸ್ಟೀರಿಂಗ್ ಹಿಡಿದೆ. ಮಾವ ಹಸಿರು ಸ್ವೆಟರ್ ತೊಟ್ಟು, ದಿನಾ ನಾನು ಕೂರುವ ಸೀಟಿನಲ್ಲಿ ಕೂತರು.

ದಾರಿಯಲ್ಲಿ ನಾನು ಮಾತಾಡಲಿಲ್ಲ. ಮಾವನ ಮೇಲಿನ ಮರ್ಯಾದೆಯಿಂದಲ್ಲ. ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಕಾರಿನಲ್ಲಿ ಸುಮ್ಮನಿರುವುದು ನನಗೆ ಅಭ್ಯಾಸ. ಬಟ್ಟೆ ಅಂಗಡಿಗಳ ಬೀದಿ ದಾಟಿ ದೊಡ್ಡ ವೃತ್ತದ ಹತ್ತಿರ ಬಂದೆವು. ಮಾವ "ನಾನು" ಎಂದರು. ನಾನು ಕನ್ನಡಿ ನೋಡಿಕೊಂಡು ಎಡಕ್ಕೆ ತಿರುಗುವುದರಲ್ಲಿದ್ದೆ. ಅಷ್ಟರಲ್ಲಿ ಕಾರು ಗಕ್ಕನೆ ನಿಂತಿತು. ನನ್ನ ಮೂಗು ಸ್ಟೀರಿಂಗಿಗೆ ಬಡಿಯುವುದೊಂದು ಬಾಕಿ.

ಕೆಳಗೆ ನೋಡಿದರೆ, ಮಾವನ ಎಡಗಾಲು ಪಕ್ಕದ ಬ್ರೇಕಿನ ಮೇಲೆ ಇತ್ತು. ತಪ್ಪಿ ಬಿದ್ದ ಕಾಲಲ್ಲ, ಊರಿ ಇಟ್ಟ ಕಾಲು. ವೃತ್ತದ ನಟ್ಟನಡುವೆ ನಿಂತಿದ್ದೇವೆ, ಹಿಂದೆ ಒಂದು ಬಸ್ಸು, ಅದರ ಹಿಂದೆ ಲೋಕವೆಲ್ಲ. ಹಾರನ್ನುಗಳು ಶುರುವಾದವು. ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ, ನಮ್ಮ ಕಾರಿನ ಮೇಲಿದ್ದ ಸ್ಕೂಲಿನ ಹೆಸರು ಓದಿ, ಕಲಿಸುವವರಿಗೇ ಬರಲ್ಲವಲ್ಲ ಎಂದು ಇನ್ನೂ ಏನೇನೋ ಸೇರಿಸಿದ. ಆ ಕಾಲನ್ನು ಎತ್ತಿ ಪಕ್ಕಕ್ಕೆ ಇಡಬಹುದಿತ್ತು. ಆದರೆ ಮಾವ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು, ಮಾತು ದಾರಿಯಲ್ಲಿತ್ತು. ನಾನು ಕೈಕಟ್ಟಿ ಕೂತೆ.

"ನಾನು... ಇನ್ನೂ... ಹೇಳಿಲ್ಲ."

"ಹೇಳಿದ್ರಲ್ಲ ಮಾವ. ವಕೀಲಮ್ಮ ಕೇಳಿದಾಗ ಮೇಜು ಕುಟ್ಟಿದ್ರಲ್ಲ."

ಬಸ್ಸಿನ ಡ್ರೈವರ್ ಕೆಳಗೇ ಇಳಿದು ಬಂದ. ನಾನು ಕಿಟಕಿಯ ಗಾಜು ಏರಿಸಿದೆ. ಮಾವ ಅವನತ್ತ ಒಮ್ಮೆ ನೋಡಿ, ಮಂಡಿಯಲ್ಲಿ ಕೊಳೆತ ಮಾಲು ತಂದವನನ್ನು ನೋಡುತ್ತಿದ್ದ ಹಾಗೆ ನೋಡಿ, ತಮ್ಮ ಮಾತಿಗೆ ವಾಪಸು ಬಂದರು.

"ಅದು... ಅವಳ... ಕೂಗು. ಕೊನೇ... ಕೂಗು... ಅವಳದ್ದು. ಕುಟ್ಟಿದೆ."

ನನಗೆ ತಲೆಯ ಮೇಲೆ ತಣ್ಣೀರು ಸುರಿದ ಹಾಗಾಯಿತು. ಸ್ವೆಟರೂ ಹೀಗೇ, ಮಸಾಜು ಯಂತ್ರವೂ ಹೀಗೇ, ತಲೆಗೆ ಬಳಿದ ಮಸಿಯೂ ಹೀಗೇ. ವರ್ಷವಿಡೀ ನಾವು ಹೌದು ಎಂದುಕೊಂಡಿದ್ದು ಹೌದಲ್ಲ. ಕೂಗಾಡುವ ಮೂವರ ನಡುವೆ ಆ ಮನುಷ್ಯ ತಮಗೆ ಬರುತ್ತಿದ್ದ ಒಂದೇ ಕೆಲಸ ಮಾಡಿದ್ದರು, ಜೋರಾಗಿ ಕೂಗಿದವರಿಗೆ ಮಾಲು ಒಪ್ಪಿಸಿ ಕೈತೊಳೆದುಕೊಂಡಿದ್ದರು. ಈ ಸಲದ ಮಾಲು ಅವರೇ. ನನಗೆ ನಾದಿನಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

"ತಿರುಗಿಸು" ಎಂದರು ಮಾವ, ಕಾಲು ತೆಗೆದು. "ಎಲ್ಲರಿಗೂ... ಒಂದೇ ಸಲ... ಹೇಳ್ತೀನಿ."

ಮನೆಗೆ ಬಂದರೆ ಮಂಚ ಬಿಚ್ಚಿ ಗೋಡೆಗೆ ಒರಗಿಸಿದ್ದರು. ಮೀನಿನ ತೊಟ್ಟಿಯನ್ನು ಭಾವ ಮಗುವಿನ ಹಾಗೆ ಅವುಚಿಕೊಂಡು ಬಾಗಿಲಲ್ಲಿ ನಿಂತಿದ್ದರು. ನಮ್ಮನ್ನು ಕಂಡದ್ದೇ ತಡ, ಕಾರು ಕೆಟ್ಟಿತೆಂದು ಒಬ್ಬರು, ಅಪ್ಪನಿಗೆ ತಲೆಸುತ್ತು ಬಂತೆಂದು ಇನ್ನೊಬ್ಬರು, ಔಷಧಿ ಮರೆತಿದ್ದಾರೆಂದು ಮತ್ತೊಬ್ಬರು ಶುರುಮಾಡಿದರು. ನನ್ನ ಪಿತ್ತ ನೆತ್ತಿಗೇರಿತ್ತು. ಕಾರೂ ಕೆಟ್ಟಿಲ್ಲ, ತಲೆಯೂ ಸುತ್ತಿಲ್ಲ, ಮಾವನಿಗೆ ಅಲ್ಲಿಗೆ ಹೋಗೋಕೆ ಇಷ್ಟ ಇಲ್ಲ, ನೀವೆಲ್ಲ ಸೇರಿ ಅವರನ್ನ ಹರಾಜು ಹಾಕಿದ್ದೀರಿ ಎಂದು ನಾನು ಒಂದೇ ಉಸಿರಿಗೆ ಹೇಳಿದೆ. ಸಾಕು ಎಂಬಂತೆ ಮಾವ ಎಡಗೈ ಎತ್ತಿದರು. ನನಗೇ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ನಾನೂ ಒಂದು ಕೂಗು ಹಾಕಿದ್ದೆ.

ಎಲ್ಲರನ್ನೂ ಊಟದ ಮೇಜಿಗೆ ಕೂರಿಸಿದೆ. ನಡುವೆ ಬಾಯಿ ಹಾಕಬೇಡಿ ಎಂದು ಬರೀ ಮಾತಲ್ಲಿ ಹೇಳಿದರೆ ಈ ಜನಕ್ಕೆ ಹತ್ತುವುದಿಲ್ಲ. ಅದಕ್ಕೇ ಲೋಟಗಳಲ್ಲಿ ನೀರು ತಂದು ಒಬ್ಬೊಬ್ಬರ ಮುಂದೆ ಇಟ್ಟೆ. ಬಾಯಿತುಂಬ ನೀರು ತುಂಬಿಕೊಳ್ಳಿ, ಮಾವ ಮುಗಿಸೋ ತನಕ ನುಂಗಬಾರದು, ಉಗುಳಬಾರದು ಎಂದೆ. ಇದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ ಎಂದು ವಕೀಲಮ್ಮ ಶುರುಮಾಡಿದಳು. ತುಂಬಿಕೋ ಎಂದೆ. ನನ್ನ ಮುಖ ಹೇಗಿತ್ತೋ, ತುಂಬಿಕೊಂಡಳು. ನೀರಿನ ಗುಣದ ಬಗ್ಗೆ ಎರಡು ಮಾತು ಹೇಳದೆ ಲೋಟ ಎತ್ತಿದ್ದು ನನ್ನ ಗಂಡನ ಬಾಳಿನಲ್ಲಿ ಅದೇ ಮೊದಲು. ನಾನೂ ಒಂದು ಗುಟುಕು ತುಂಬಿಕೊಂಡೆ. ನಾಲ್ಕು ಜನ ಕೆನ್ನೆ ಉಬ್ಬಿಸಿಕೊಂಡು ಕೂತಿದ್ದನ್ನು ನೋಡಿ ಮಾವನಿಗೆ ನಗು ಬಂತು, ಮುಖದ ಒಂದೇ ಕಡೆ ಬಂದರೂ ಪೂರಾ ನಗು. ಅದು ತಣಿಯುವ ತನಕ ಕಾದರು, ಆಮೇಲೆ ಮಾತು ತೆಗೆದರು.

"ನಾನು... ಹೋಗ್ತೀನಿ."

ನನ್ನ ಬಾಯಿಯ ನೀರು ಅರ್ಧ ಗಂಟಲಿಗಿಳಿದು ಕೆಮ್ಮು ಬಂತು. ವಕೀಲಮ್ಮನ ಹುಬ್ಬು, ನಾನು ಹೇಳಿರಲಿಲ್ವಾ ಎಂದು ಮೇಲೇರಿತು. ಭಾವ ಏಳಲು ಹೋದರು, ಅವರ ಮಟ್ಟಿಗೆ ಪಂದ್ಯ ಮುಗಿದಿತ್ತು. ಮಾವ ಮುಗಿಸಿರಲಿಲ್ಲ. ಮುಂದಿನ ಪದಕ್ಕೆ ಅವರ ತುಟಿ ಒದ್ದಾಡುತ್ತಿತ್ತು. ಎಷ್ಟು ಹೊತ್ತು ಎಂದು ಹೇಳಲಾರೆ. ಕಾಯುವುದು ನನ್ನ ಕಸುಬು, ಆದರೂ ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ನನ್ನ ಗಂಡನ ಕಿವಿ ಕೆಂಪಾಗಿತ್ತು. ಕೊನೆಗೆ ಮಾತು ಬಂತು, ಒಂದೊಂದಾಗಿ ಬಂತು.

"ಅಲ್ಲಿ... ನಾನು... ಏನ್ ಹೇಳ್ತೀನಿ ಅಂತ... ಯಾರಿಗೂ... ಗೊತ್ತಿಲ್ಲ." ಉಸಿರು ತೆಗೆದುಕೊಂಡರು. "ಅದಕ್ಕೇ... ಕೇಳ್ತಾರೆ."

ವಕೀಲಮ್ಮನ ಹುಬ್ಬು ಇಳಿಯಿತು. ಕಣ್ಣಿಂದ ನೀರು ಸುರಿಯತೊಡಗಿತು, ಬಾಯಲ್ಲೂ ನೀರು, ಬಿಕ್ಕಲೂ ಆಗದು, ಮೂಗು ಸೊರಸೊರ ಎನ್ನುತ್ತಿತ್ತು. ನಗುವ ಹಾಗಿತ್ತು ಆ ಮುಖ, ನನಗೆ ನಗು ಬರಲಿಲ್ಲ. ಊರಿಗೆಲ್ಲ ವಿವರಣೆ ಕೊಡುವ ಭಾವ ನೀರನ್ನು ಯಾವಾಗಲೋ ನುಂಗಿ ಬಾಯಿ ಖಾಲಿ ಮಾಡಿಕೊಂಡಿದ್ದರು, ಆದರೂ ಅದರಿಂದ ಒಂದು ಮಾತೂ ಹೊರಡಲಿಲ್ಲ. ನನ್ನ ಗಂಡ ಅಪ್ಪನ ಸೋತ ಕೈಯನ್ನು ಹಿಡಿದುಕೊಂಡ.

ಮಾವ ಮತ್ತೆ ಶುರುಮಾಡಿದರು. "ಭಾನುವಾರ..." ಎಂದರು.

ವಕೀಲಮ್ಮ ಗಟಕ್ಕನೆ ನೀರು ನುಂಗಿದಳು. "ಬೇಡ ಅಪ್ಪ, ಹೋಗಬೇಡ. ಇನ್ಮೇಲೆ ನಿನ್ನ ಮಾತಿನ ಮಧ್ಯೆ ನಾವು ಯಾರೂ ಬಾಯಿ ಹಾಕಲ್ಲ, ಆಣೆ."

ಅವಳ ಮಾತು ಮುಗಿದ ಮೇಲೆ ಎಲ್ಲರೂ ಅವಳ ಕಡೆಗೇ ತಿರುಗಿದೆವು. ತಾನು ಏನು ಮಾಡಿದೆ ಎಂದು ಅವಳಿಗೇ ಹೊಳೆಯುತ್ತಾ ಬಂತು. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಮಾವ ಮಗಳ ತಲೆಯ ಮೇಲೆ ಎಡಗೈ ಇಟ್ಟರು, ಬೈಯಲಿಲ್ಲ. ಅವಳು ಲೋಟ ತೆಗೆದು ಮತ್ತೆ ಬಾಯಿಗೆ ನೀರು ತುಂಬಿಕೊಂಡಳು. ಮಾವ ಬಿಟ್ಟಲ್ಲಿಂದ ಹಿಡಿದರು.

"ಭಾನುವಾರ... ಬನ್ನಿ. ಒಬ್ಬೊಬ್ಬರೇ... ಬನ್ನಿ."

ಮಾವನನ್ನು ನಾನೇ ಕರೆದುಕೊಂಡು ಹೋದೆ. ಹೊರಡುವ ಮೊದಲು ಹಸಿರು ಸ್ವೆಟರನ್ನು ಬಿಚ್ಚಿ ಭಾವನ ಹೆಗಲ ಮೇಲೆ ಹಾಕಿದರು, ಮೀನಿನ ತೊಟ್ಟಿ ಬೇಡ ಎಂದು ಕೈಯಾಡಿಸಿದರು. ಯಾರೂ ಯಾಕೆಂದು ಕೇಳಲಿಲ್ಲ. ದಾರಿಯುದ್ದಕ್ಕೂ ನನಗೆ ಒಳಗೊಳಗೇ ಸಂಕಟವಾಗುತ್ತಿತ್ತು. ಮನೆಯಲ್ಲೇ ಇರುತ್ತೇನೆ ಎಂದು ಅವರು ಹೇಳಿದ್ದರೆ ಬಟ್ಟೆಯ ಸ್ಟ್ಯಾಂಡನ್ನು ಬೀದಿಗೆ ಎಸೆಯಲೂ ನಾನು ತಯಾರಿದ್ದೆ. ಆದರೆ ಅವರು ಕೇಳಿದ್ದು ಅದಲ್ಲ, ಮತ್ತು ಕೇಳಿದ್ದನ್ನು ಕೇಳಿಸಿಕೊಂಡ ಮೇಲೆ ಬೇರೇನು ಮಾಡುವುದು.

ನಿವಾಸದ ಜಗುಲಿಯಲ್ಲಿ ಉದ್ದನೆಯ ಬೆಂಚು ಇತ್ತು. ಮಾವನನ್ನು ಅಲ್ಲಿ ಕೂರಿಸಿ ಚೀಲಗಳನ್ನು ಒಳಗಿಟ್ಟು ಬಂದೆ. ಅಷ್ಟರಲ್ಲಿ ಬೆಂಚಿನ ಆ ತುದಿಯಲ್ಲಿದ್ದ ಒಬ್ಬರು ಅಜ್ಜಿ ಇಷ್ಟಿಷ್ಟೇ ಸರಿದು ಹತ್ತಿರ ಬಂದಿದ್ದರು. ಕಿವಿಯ ಯಂತ್ರವನ್ನು ಒತ್ತಿ ಸರಿಮಾಡಿಕೊಂಡು, ಮೊದಲು ಏನು ಕೆಲಸ ಮಾಡ್ತಿದ್ರಿ ಎಂದು ಮಾವನನ್ನು ಕೇಳಿದರು.

ಮಾವ "ನಾನು" ಎಂದರು.

ಮಂಡಿ, ತರಕಾರಿ, ಹರಾಜು, ಎಲ್ಲ ನನ್ನ ನಾಲಿಗೆಯ ತುದಿಗೆ ಬಂದು ನಿಂತವು. ತುಟಿ ಕಚ್ಚಿಕೊಂಡೆ. ಅಜ್ಜಿಗೆ ಅವಸರವೇ ಇರಲಿಲ್ಲ. ಸೀರೆಯ ಸೆರಗನ್ನು ಮಡಿಲಲ್ಲಿ ಸರಿಮಾಡಿಕೊಂಡು, ಮುಂದೇನೆಂದು ನಿಜವಾಗಿಯೂ ತಿಳಿಯದ ಕಣ್ಣುಗಳಿಂದ ಮಾವನ ಬಾಯನ್ನೇ ನೋಡುತ್ತಾ ಕೂತಿದ್ದರು. ಹೋಗಿ ಬರ್ತೀನಿ ಮಾವ ಎಂದು ಹೇಳುವುದಕ್ಕೂ ನನಗೆ ಧೈರ್ಯ ಬರಲಿಲ್ಲ, ಅದೂ ಮಧ್ಯೆ ಬಾಯಿ ಹಾಕಿದ ಹಾಗೆಯೇ ಆಗುತ್ತಿತ್ತು. ಚಪ್ಪಲಿಯ ಸದ್ದಾಗದಂತೆ ಮೆಟ್ಟಿಲಿಳಿದು ಬಂದೆ. ಮಾವ ಅವರಿಗೆ ಏನು ಹೇಳಿದರೋ ನನಗೆ ಗೊತ್ತಿಲ್ಲ.